ಸಕ್ರಿಯ ವಿಟಮಿನ್ ಡಿ ಪರೀಕ್ಷೆ: ಆ ಅಂಕಿ ಯಾವ ಪ್ರಶ್ನೆಗೆ ಉತ್ತರ?

ವಿಟಮಿನ್ ಡಿ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ರಕ್ತಪರೀಕ್ಷೆಗಳು ನಡೆಯುತ್ತವೆ. ಒಂದು 25-ಹೈಡ್ರಾಕ್ಸಿ ವಿಟಮಿನ್ ಡಿ, ಇನ್ನೊಂದು 1,25-ಡೈಹೈಡ್ರಾಕ್ಸಿ ವಿಟಮಿನ್ ಡಿ. ಎರಡನೆಯದಕ್ಕೆ ಕ್ಯಾಲ್ಸಿಟ್ರಿಯಾಲ್ ಎಂಬ ಹೆಸರೂ ಇದೆ; ಜೀವಕೋಶಗಳ ಮೇಲೆ ನೇರವಾಗಿ ಕೆಲಸ ಮಾಡುವುದು ಇದೇ ಆದ್ದರಿಂದ ಇದನ್ನು ಸಕ್ರಿಯ ವಿಟಮಿನ್ ಡಿ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಪದೇ ಪದೇ ಎದುರಾಗುವ ಸಂಗತಿಯೆಂದರೆ, ಮೈಕೈ ನೋವು, ಸುಸ್ತು ಎಂದು ಬಂದವರಲ್ಲಿ ಕೆಲವರು, ಸಕ್ರಿಯವಾದದ್ದನ್ನೇ ಅಳೆದರೆ ಫಲಿತಾಂಶ ಹೆಚ್ಚು ನಿಖರವಾಗಿರುತ್ತದೆ ಎಂಬ ಎಣಿಕೆಯಿಂದ ಎರಡನೆಯ ಪರೀಕ್ಷೆಯನ್ನು ಮಾಡಿಸಿಕೊಳ್ಳುತ್ತಾರೆ. ಅಂಕಿ ಸಹಜ ವ್ಯಾಪ್ತಿಯೊಳಗೆ ಬಂದರೆ ತಮಗೆ ಕೊರತೆಯಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಎಣಿಕೆ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ದೇಹದಲ್ಲಿ ವಿಟಮಿನ್ ಡಿ ಸಾಕಷ್ಟಿದೆಯೇ ಎಂಬುದನ್ನು ತಿಳಿಸುವುದು ಮೊದಲನೆಯ ಪರೀಕ್ಷೆ. ಎರಡನೆಯದು ತಿಳಿಸುವುದು, ಕ್ಯಾಲ್ಸಿಯಂ ಮತ್ತು ರಂಜಕದ ಸಮತೋಲನವನ್ನು ಕಾಯುವ ವ್ಯವಸ್ಥೆ ಈ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದನ್ನು. ಇವೆರಡೂ ಒಂದೇ ಪ್ರಶ್ನೆಯಲ್ಲ.

ವ್ಯತ್ಯಾಸ ಸ್ಪಷ್ಟವಾಗಬೇಕಾದರೆ ಈ ವಸ್ತು ದೇಹದೊಳಗೆ ಸಾಗುವ ಹಾದಿಯನ್ನು ನೋಡಬೇಕು. ಬಿಸಿಲಿನ ನೇರಳಾತೀತ ಬಿ ಕಿರಣಗಳು ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟ್ರಾಲ್ ಎಂಬ ವಸ್ತುವಿನ ಮೇಲೆ ಬಿದ್ದಾಗ ವಿಟಮಿನ್ ಡಿ3 ಉಂಟಾಗುತ್ತದೆ; ಆಹಾರ ಮತ್ತು ಮಾತ್ರೆಗಳಿಂದ ಡಿ2 ಅಥವಾ ಡಿ3 ಒಳಗೆ ಬರುತ್ತದೆ. ಈ ಹಂತದಲ್ಲಿ ಅದು ಯಾವ ಕೆಲಸವನ್ನೂ ಮಾಡುವುದಿಲ್ಲ. ಯಕೃತ್ತನ್ನು ತಲುಪಿದ ಮೇಲೆ ಅಲ್ಲಿನ ಕಿಣ್ವವು ಅಣುವಿನ 25ನೆಯ ಸ್ಥಾನದಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸುತ್ತದೆ. ಯಕೃತ್ತು ಇಲ್ಲಿ ಹೆಚ್ಚು ಲೆಕ್ಕ ನೋಡುವುದಿಲ್ಲ. ಬಂದದ್ದನ್ನು ಬಹುಮಟ್ಟಿಗೆ ಬಂದಷ್ಟೇ ಪರಿವರ್ತಿಸಿ ರಕ್ತಕ್ಕೆ ಬಿಡುತ್ತದೆ. ಆದ್ದರಿಂದಲೇ ರಕ್ತದಲ್ಲಿರುವ 25-ಹೈಡ್ರಾಕ್ಸಿಯ ಪ್ರಮಾಣ, ಚರ್ಮದಿಂದಲೂ ಹೊಟ್ಟೆಯಿಂದಲೂ ಎಷ್ಟು ವಿಟಮಿನ್ ಡಿ ದೇಹಕ್ಕೆ ಸೇರಿದೆ ಎಂಬುದರ ನಂಬಿಕೆಗೆ ಅರ್ಹವಾದ ಅಳತೆಯಾಗುತ್ತದೆ. ಮುಂದಿನ ಹಂತ ಮೂತ್ರಪಿಂಡದ್ದು. ಅಲ್ಲಿ 1-ಆಲ್ಫಾ-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಇನ್ನೊಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸಿದಾಗ ಕ್ಯಾಲ್ಸಿಟ್ರಿಯಾಲ್ ಸಿದ್ಧವಾಗುತ್ತದೆ. ಮೂತ್ರಪಿಂಡ ಮಾತ್ರ ಲೆಕ್ಕ ನೋಡದೆ ಏನನ್ನೂ ಮಾಡುವುದಿಲ್ಲ. ಅಗತ್ಯ ಎಷ್ಟಿದೆಯೋ ಅಷ್ಟನ್ನೇ ತಯಾರಿಸುತ್ತದೆ.

ಈ ತಿಳಿವಳಿಕೆ ಬಹಳ ಹಳೆಯದೇನಲ್ಲ. ವಿಟಮಿನ್ ಡಿ ಎಂಬ ಹೆಸರು 1922ರಿಂದ ಇದ್ದರೂ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹೆಕ್ಟರ್ ಡಿಲೂಕಾ ಅವರ ತಂಡ 25-ಹೈಡ್ರಾಕ್ಸಿಯನ್ನು ಗುರುತಿಸಿದ್ದು 1968ರಲ್ಲಿ. ಸಕ್ರಿಯ ರೂಪ ಮೂತ್ರಪಿಂಡದಲ್ಲಿ ತಯಾರಾಗುತ್ತದೆ ಎಂಬುದನ್ನು ಕೇಂಬ್ರಿಜ್‌ನಲ್ಲಿ ಫ್ರೇಸರ್ ಮತ್ತು ಕೋಡಿಚೆಕ್ 1970ರಲ್ಲಿ ತೋರಿಸಿದರು, ಮರುವರ್ಷ ಅದರ ರಚನೆ ಖಚಿತವಾಯಿತು. ಒಂದು ಅಂಗದಲ್ಲಿ ತಯಾರಾಗಿ, ರಕ್ತದ ಮೂಲಕ ಬೇರೆಡೆಗೆ ಹೋಗಿ, ಅಲ್ಲಿನ ಜೀವಕೋಶಗಳ ಗ್ರಾಹಿಗೆ ಅಂಟಿಕೊಂಡು ಕೆಲಸ ಮಾಡುವ ಈ ವಸ್ತುವನ್ನು ಅಂದಿನಿಂದ ಹಾರ್ಮೋನು ಎಂದೇ ಪರಿಗಣಿಸಲಾಗಿದೆ. ಪರೀಕ್ಷೆಯ ವರದಿಯನ್ನು ಓದುವಾಗಲೂ ಹಾಗೆಯೇ ಪರಿಗಣಿಸುವುದು ಒಳ್ಳೆಯದು.

ಇನ್ನು ಪ್ರಮಾಣದ ಮಾತು. 25-ಹೈಡ್ರಾಕ್ಸಿಯನ್ನು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಮ್ ಎಂದು ಬರೆಯುತ್ತಾರೆ. ಸಕ್ರಿಯ ರೂಪವನ್ನು ಪಿಕೋಗ್ರಾಮ್‌ಗಳಲ್ಲಿ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಮ್. ವಯಸ್ಕರಲ್ಲಿ ಸಕ್ರಿಯ ರೂಪದ ಸಹಜ ವ್ಯಾಪ್ತಿ ಸುಮಾರು 20ರಿಂದ 60 ಪಿಕೋಗ್ರಾಮ್ ಇರುತ್ತದೆ. ಪ್ರಯೋಗಾಲಯ ಮತ್ತು ವಿಧಾನವನ್ನು ಅನುಸರಿಸಿ ಮೇಲಿನ ಮಿತಿ 80ರ ಹತ್ತಿರಕ್ಕೂ ಹೋಗುವುದುಂಟು. ಒಬ್ಬರ ವರದಿಯಲ್ಲಿ 25-ಹೈಡ್ರಾಕ್ಸಿ 30 ನ್ಯಾನೋಗ್ರಾಮ್, ಸಕ್ರಿಯ ರೂಪ 40 ಪಿಕೋಗ್ರಾಮ್ ಎಂದಿದ್ದರೆ, ಮೊದಲನೆಯದು ಎರಡನೆಯದಕ್ಕಿಂತ 750 ಪಟ್ಟು ಹೆಚ್ಚಿದೆ ಎಂದು ಅರ್ಥ. ವರದಿಯಲ್ಲಿ 30ರ ಪಕ್ಕದಲ್ಲಿ 40 ಎಂದು ಕಂಡಾಗ ಸಕ್ರಿಯ ರೂಪವೇ ಹೆಚ್ಚಿದೆಯಲ್ಲ ಎಂದು ಓದಿಕೊಳ್ಳುವವರಿದ್ದಾರೆ; ಅಂಕಿಗಿಂತ ಮೊದಲು ಅದರ ಮುಂದಿರುವ ಏಕಮಾನವನ್ನು ನೋಡಬೇಕು. ಕೆಲವು ದೇಶಗಳ ವರದಿಗಳಲ್ಲಿ ಮೋಲ್ ಆಧಾರಿತ ಏಕಮಾನಗಳಿರುತ್ತವೆ. ಅಲ್ಲಿ 25-ಹೈಡ್ರಾಕ್ಸಿಯ 1 ನ್ಯಾನೋಗ್ರಾಮ್ ಸುಮಾರು 2.5 ನ್ಯಾನೋಮೋಲ್ ಆಗುತ್ತದೆ, ಸಕ್ರಿಯ ರೂಪದ 1 ಪಿಕೋಗ್ರಾಮ್ ಸುಮಾರು 2.4 ಪಿಕೋಮೋಲ್ ಆಗುತ್ತದೆ. ಮಿಲಿಲೀಟರಿನ ಬದಲು ಲೀಟರಿನ ಲೆಕ್ಕವಿರುತ್ತದೆ.

ಆಯುಷ್ಯದಲ್ಲಿಯೂ ಇವೆರಡಕ್ಕೆ ಹೋಲಿಕೆಯಿಲ್ಲ. 25-ಹೈಡ್ರಾಕ್ಸಿಯ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಎರಡು ಮೂರು ವಾರ. ಆದ್ದರಿಂದ ಅದು ನಿನ್ನೆ ಮೊನ್ನೆಯ ಬಿಸಿಲಿಗೆ ಏರುಪೇರಾಗದೆ ಕಳೆದ ಕೆಲವು ವಾರಗಳ ಸರಾಸರಿಯನ್ನು ತೋರಿಸುತ್ತದೆ. ಸಕ್ರಿಯ ರೂಪ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಬೇಕೆಂದಾಗ ತಯಾರಿಸಿ, ಬೇಡವೆಂದಾಗ ಬೇಗನೆ ನಾಶಮಾಡುವುದಕ್ಕೆ ಅನುಕೂಲವಾಗಿರುವ ಏರ್ಪಾಡು ಇದು. ಇದನ್ನು ಅಳೆದು ಒಟ್ಟು ದಾಸ್ತಾನನ್ನು ಊಹಿಸುವುದೆಂದರೆ, ಕಣಜದಲ್ಲಿ ಎಷ್ಟು ಕಾಳಿದೆ ಎಂದು ತಿಳಿಯಲು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ.

ಕೊರತೆಯಲ್ಲಿ ಸಕ್ರಿಯ ರೂಪ ಕಡಿಮೆಯಾಗದಿರುವುದು ಏಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಗೊಂದಲವೆಲ್ಲ ಇರುವುದು ಇಲ್ಲಿಯೇ. ಕರುಳಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಕ್ಯಾಲ್ಸಿಟ್ರಿಯಾಲ್ ಬೇಕು. ವಿಟಮಿನ್ ಡಿ ಇಲ್ಲದ ಸ್ಥಿತಿಯಲ್ಲಿ ಆಹಾರದ ಕ್ಯಾಲ್ಸಿಯಂನಲ್ಲಿ ಶೇಕಡಾ 10ರಿಂದ 15ರಷ್ಟು ಮಾತ್ರ ಒಳಗೆ ಸೇರುತ್ತದೆ. ಸಾಕಷ್ಟಿದ್ದಾಗ ಅದು ಶೇಕಡಾ 30ರಿಂದ 40ಕ್ಕೆ ಏರುತ್ತದೆ. ದಾಸ್ತಾನು ಕುಗ್ಗಿ, ಹೀರಿಕೊಳ್ಳುವ ಕ್ಯಾಲ್ಸಿಯಂ ಇಳಿದು, ರಕ್ತದ ಕ್ಯಾಲ್ಸಿಯಂ ಕೂದಲೆಳೆಯಷ್ಟು ತಗ್ಗಿದರೂ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಅದು ಗೊತ್ತಾಗುತ್ತದೆ. ಅವು ಪ್ಯಾರಾಥೈರಾಯ್ಡ್ ಹಾರ್ಮೋನನ್ನು, ಅಂದರೆ ವರದಿಗಳಲ್ಲಿ ಪಿಟಿಎಚ್ ಎಂದು ಕಾಣುವುದನ್ನು, ಹೆಚ್ಚಾಗಿ ಸ್ರವಿಸುತ್ತವೆ. ಪಿಟಿಎಚ್ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ತರುತ್ತದೆ, ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುವುದನ್ನು ತಡೆಯುತ್ತದೆ, ಜೊತೆಗೆ ಮೂತ್ರಪಿಂಡದ 1-ಆಲ್ಫಾ-ಹೈಡ್ರಾಕ್ಸಿಲೇಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕಚ್ಚಾವಸ್ತು ಕಡಿಮೆಯಿದ್ದರೂ ಅದರಲ್ಲಿ ಹೆಚ್ಚು ಪಾಲು ಸಕ್ರಿಯ ರೂಪಕ್ಕೆ ತಿರುಗುತ್ತದೆ. ಸಕ್ರಿಯ ರೂಪಕ್ಕೆ ಬೇಕಾಗುವುದೇ 25-ಹೈಡ್ರಾಕ್ಸಿಯ ನೂರಾರನೆಯ ಒಂದು ಪಾಲು ಆಗಿರುವುದರಿಂದ, ದಾಸ್ತಾನು ತೀರಾ ತಳ ಕಾಣುವವರೆಗೂ ಮೂತ್ರಪಿಂಡ ಅದನ್ನು ಹೇಗಾದರೂ ಹೊಂದಿಸಿಕೊಂಡು ಹೋಗುತ್ತದೆ. ಹೀಗಾಗಿ ಕೊರತೆಯಿರುವವರಲ್ಲಿ ಸಕ್ರಿಯ ರೂಪ ಸಹಜವಾಗಿರಬಹುದು, ಸಹಜಕ್ಕಿಂತ ಹೆಚ್ಚೂ ಇರಬಹುದು. ಅದು ನಿಜವಾಗಿ ಇಳಿಯುವುದು ಕೊರತೆ ಬಹಳ ತೀವ್ರವಾದ ಮೇಲೆ.

ಒಂದು ವರದಿಯನ್ನು ಎದುರಿಗಿಟ್ಟುಕೊಂಡು ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟವು. 25-ಹೈಡ್ರಾಕ್ಸಿ 9 ನ್ಯಾನೋಗ್ರಾಮ್, ಸಕ್ರಿಯ ರೂಪ 68 ಪಿಕೋಗ್ರಾಮ್, ಕ್ಯಾಲ್ಸಿಯಂ ಡೆಸಿಲೀಟರಿಗೆ 8.7 ಮಿಲಿಗ್ರಾಮ್ (ಸಹಜ ವ್ಯಾಪ್ತಿಯ ಕೆಳ ಅಂಚು), ಪಿಟಿಎಚ್ ಸಹಜ ಮಿತಿಯ ಸುಮಾರು ಎರಡು ಪಟ್ಟು, ಮೂಳೆಯ ಮೇಲಿನ ಒತ್ತಡವನ್ನು ಸೂಚಿಸುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದೆ. ಸಕ್ರಿಯ ರೂಪವೊಂದನ್ನೇ ನೋಡಿದವರು ವಿಟಮಿನ್ ಡಿ ಧಾರಾಳವಾಗಿದೆ ಎನ್ನುತ್ತಾರೆ. ಐದೂ ಸಾಲುಗಳನ್ನು ಒಟ್ಟಿಗೆ ಓದಿದರೆ ಕಾಣುವುದು ಸ್ಪಷ್ಟವಾದ ಕೊರತೆ: ದಾಸ್ತಾನು ಬರಿದಾಗಿದೆ, ಪಿಟಿಎಚ್ ಚಾಟಿ ಬೀಸಿ ಮೂತ್ರಪಿಂಡದಿಂದ ದುಡಿಸಿಕೊಳ್ಳುತ್ತಿದೆ, ಮೂಳೆ ಅದಕ್ಕೆ ಬೆಲೆ ತೆರುತ್ತಿದೆ. 68 ಎಂಬ ಅಂಕಿಯಲ್ಲಿ ಪ್ರಯೋಗಾಲಯದ ದೋಷವೇನೂ ಇಲ್ಲ. ಅಳತೆ ಸರಿಯಾಗಿಯೇ ಇದೆ.

ಈಗ ಇನ್ನೊಂದು ವರದಿ. ಕ್ಯಾಲ್ಸಿಯಂ 11.9 ಮಿಲಿಗ್ರಾಮ್, ಅಂದರೆ ಗಮನಾರ್ಹವಾಗಿ ಹೆಚ್ಚು. ಪಿಟಿಎಚ್ ತೀರಾ ಕೆಳಗಿದೆ. 25-ಹೈಡ್ರಾಕ್ಸಿ 22. ಸಕ್ರಿಯ ರೂಪ 96. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ಇಳಿಯುವುದು ಸಹಜ; ಪಿಟಿಎಚ್ ಇಳಿದರೆ ಮೂತ್ರಪಿಂಡ ಸಕ್ರಿಯ ರೂಪದ ತಯಾರಿಕೆಯನ್ನು ನಿಲ್ಲಿಸಬೇಕು. ನಿಂತಿಲ್ಲ. ಹಾಗಾದರೆ ಅದು ಮೂತ್ರಪಿಂಡದ ಹೊರಗೆ ಎಲ್ಲಿಯೋ ತಯಾರಾಗುತ್ತಿರಬೇಕು, ಅಥವಾ ನಾಶವಾಗಬೇಕಾದದ್ದು ನಾಶವಾಗುತ್ತಿಲ್ಲ, ಅಥವಾ ವ್ಯಕ್ತಿ ಕ್ಯಾಲ್ಸಿಟ್ರಿಯಾಲ್ ಮಾತ್ರೆಯನ್ನೇ ಸೇವಿಸುತ್ತಿದ್ದಾರೆ. ಸಕ್ರಿಯ ವಿಟಮಿನ್ ಡಿ ಪರೀಕ್ಷೆಯ ಬೆಲೆ ತಿಳಿಯುವುದು ಇಂಥಲ್ಲಿ.

ಮೂತ್ರಪಿಂಡದ ಹೊರಗೆ ತಯಾರಾಗುವ ಮಾತು ಕುತೂಹಲಕರವಾದದ್ದು. ಸಾರ್ಕಾಯ್ಡೋಸಿಸ್, ಕ್ಷಯ, ಕೆಲವು ಶಿಲೀಂಧ್ರ ಸೋಂಕುಗಳಂಥ ರೋಗಗಳಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಒಟ್ಟುಗೂಡಿ ಗ್ರ್ಯಾನುಲೋಮಾ ಎಂಬ ಸಣ್ಣ ಗಂಟುಗಳಾಗುತ್ತವೆ. ಈ ಕೋಶಗಳಲ್ಲಿಯೂ 1-ಆಲ್ಫಾ-ಹೈಡ್ರಾಕ್ಸಿಲೇಸ್ ಇದೆ. ಆದರೆ ಇಲ್ಲಿನ ಕಿಣ್ವ ಪಿಟಿಎಚ್‌ನ ಮಾತು ಕೇಳುವುದಿಲ್ಲ, ಕ್ಯಾಲ್ಸಿಯಂ ಏರಿದರೆ ನಿಲ್ಲುವುದೂ ಇಲ್ಲ. ಅದನ್ನು ನಡೆಸುವುದು ಗಾಮಾ ಇಂಟರ್‌ಫೆರಾನ್‌ನಂಥ ಉರಿಯೂತದ ಸಂಕೇತಗಳು. ಎರಡೂ ಮೂತ್ರಪಿಂಡಗಳಿಲ್ಲದ ಸಾರ್ಕಾಯ್ಡೋಸಿಸ್ ರೋಗಿಯೊಬ್ಬರಲ್ಲಿ ಕ್ಯಾಲ್ಸಿಯಂ ಮತ್ತು ಸಕ್ರಿಯ ವಿಟಮಿನ್ ಡಿ ಎರಡೂ ಏರಿರುವುದನ್ನು 1981ರಲ್ಲಿ ವೈದ್ಯರು ವರದಿ ಮಾಡಿದಾಗ, ಮೂತ್ರಪಿಂಡ ಬಿಟ್ಟು ಬೇರೆಡೆಯೂ ಇದು ತಯಾರಾಗಬಲ್ಲದು ಎಂಬುದಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ನ ಕೆಲವು ಬಗೆಗಳಲ್ಲಿಯೂ ಹೀಗಾಗುತ್ತದೆ. ಇಂಥವರಲ್ಲಿ 25-ಹೈಡ್ರಾಕ್ಸಿ ಸ್ವಲ್ಪ ಕಡಿಮೆ ಇದೆಯೆಂದು ದೊಡ್ಡ ಪ್ರಮಾಣದ ವಿಟಮಿನ್ ಡಿ ಕೊಟ್ಟರೆ ನಿಯಂತ್ರಣವಿಲ್ಲದ ಕಿಣ್ವಕ್ಕೆ ಇನ್ನಷ್ಟು ಕಚ್ಚಾವಸ್ತು ಒದಗಿಸಿದಂತಾಗಿ ಕ್ಯಾಲ್ಸಿಯಂ ಮತ್ತೂ ಏರುತ್ತದೆ. ಅತಿಯಾದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕುತನ ಇವೆಲ್ಲ ಏರಿದ ಕ್ಯಾಲ್ಸಿಯಂನ ಲಕ್ಷಣಗಳು. ಸ್ಟೀರಾಯ್ಡ್ ಔಷಧಗಳು ಗ್ರ್ಯಾನುಲೋಮಾದಲ್ಲಿನ ಈ ತಯಾರಿಕೆಯನ್ನು ತಗ್ಗಿಸುವುದರಿಂದ ಸಾರ್ಕಾಯ್ಡೋಸಿಸ್‌ನಲ್ಲಿ ಕ್ಯಾಲ್ಸಿಯಂ ಇಳಿಸಲು ಅವನ್ನು ಬಳಸುತ್ತಾರೆ.

ನಾಶವಾಗದಿರುವ ಸಂಗತಿ ಅಪರೂಪದ್ದು. ಸಕ್ರಿಯ ರೂಪವನ್ನು ಒಡೆಯುವ 24-ಹೈಡ್ರಾಕ್ಸಿಲೇಸ್ ಕಿಣ್ವದ ವಂಶವಾಹಿಯಲ್ಲಿ ದೋಷವಿದ್ದರೆ ಅದು ರಕ್ತದಲ್ಲಿ ಉಳಿದುಕೊಂಡು ಶಿಶುಗಳಲ್ಲಿ ಕ್ಯಾಲ್ಸಿಯಂ ಏರಿಕೆಯನ್ನೂ, ದೊಡ್ಡವರಲ್ಲಿ ಮತ್ತೆ ಮತ್ತೆ ಮೂತ್ರಪಿಂಡದ ಕಲ್ಲುಗಳನ್ನೂ ಉಂಟುಮಾಡಬಹುದು.

ಮಕ್ಕಳ ಮೂಳೆಗಳು ಮೆದುವಾಗಿ ಬಾಗುವ ರಿಕೆಟ್ಸ್ ರೋಗದ ಆನುವಂಶಿಕ ಬಗೆಗಳನ್ನು ಬೇರ್ಪಡಿಸುವಲ್ಲಿಯೂ ಈ ಪರೀಕ್ಷೆಗೆ ನಿಶ್ಚಿತ ಸ್ಥಾನವಿದೆ. ಮಗುವಿನಲ್ಲಿ 25-ಹೈಡ್ರಾಕ್ಸಿ ಸಾಕಷ್ಟಿದ್ದು, ಸಾಮಾನ್ಯ ಚಿಕಿತ್ಸೆಗೆ ಮೂಳೆ ಸುಧಾರಿಸದೆ, ಸಕ್ರಿಯ ರೂಪ ತೀರಾ ಕಡಿಮೆಯಿದ್ದರೆ ಮೂತ್ರಪಿಂಡದ ಕಿಣ್ವದಲ್ಲಿಯೇ ಜನ್ಮಜಾತ ದೋಷವಿರಬಹುದು. ಸಕ್ರಿಯ ರೂಪ ಬಹಳ ಹೆಚ್ಚಿದ್ದೂ ರಿಕೆಟ್ಸ್ ಇದ್ದರೆ ದೋಷವಿರುವುದು ಗ್ರಾಹಿಯಲ್ಲಿ. ಹಾರ್ಮೋನು ಬಂದು ತಟ್ಟಿದರೂ ಜೀವಕೋಶ ಓಗೊಡುವುದಿಲ್ಲ. ಎಕ್ಸ್ ವರ್ಣತಂತುವಿಗೆ ಸಂಬಂಧಿಸಿದ, ರಂಜಕ ಸೋರಿಹೋಗುವ ರಿಕೆಟ್ಸ್‌ನಲ್ಲಿ ಎಫ್‌ಜಿಎಫ್23 ಎಂಬ ಇನ್ನೊಂದು ಹಾರ್ಮೋನು ಹೆಚ್ಚಾಗಿದ್ದು ಮೂತ್ರಪಿಂಡದ ಕಿಣ್ವವನ್ನು ಅದುಮಿಡುತ್ತದೆ. ರಂಜಕ ಕಡಿಮೆಯಾದಾಗ ಸಕ್ರಿಯ ರೂಪ ಏರಬೇಕಾಗಿತ್ತು. ಇಲ್ಲಿ ಅದು ಕಡಿಮೆಯಿರುತ್ತದೆ ಅಥವಾ ಸಹಜ ಮಿತಿಯಲ್ಲಿಯೇ ಉಳಿದಿರುತ್ತದೆ. ಏರಬೇಕಾದಲ್ಲಿ ಏರದೆ ಸಹಜವಾಗಿರುವುದೂ ಅಸಹಜವೇ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪರೀಕ್ಷೆಗಳು ಕಡಿಮೆ.

ದೀರ್ಘಕಾಲದ ಮೂತ್ರಪಿಂಡ ರೋಗದಲ್ಲಿ ಕಥೆ ಬೇರೆ. ರೋಗದ ಆರಂಭದ ಹಂತಗಳಲ್ಲಿಯೇ ಎಫ್‌ಜಿಎಫ್23 ಏರತೊಡಗುತ್ತದೆ, ಕೆಲಸ ಮಾಡುವ ಅಂಗಾಂಶವೂ ಕ್ಷೀಣಿಸುತ್ತದೆ. ಎರಡೂ ಸೇರಿ ಸಕ್ರಿಯ ರೂಪ ಇಳಿಯುತ್ತದೆ, ಪಿಟಿಎಚ್ ಏರುತ್ತದೆ. ಇಂಥವರಿಗೆ ವೈದ್ಯರು ಕ್ಯಾಲ್ಸಿಟ್ರಿಯಾಲನ್ನೋ, ಯಕೃತ್ತಿನಲ್ಲಿ ಕ್ಯಾಲ್ಸಿಟ್ರಿಯಾಲ್ ಆಗಿ ಬದಲಾಗುವ ಆಲ್ಫಾಕ್ಯಾಲ್ಸಿಡಾಲನ್ನೋ ಕೊಡುವುದುಂಟು. ಇವನ್ನು ಸೇವಿಸುವವರು, ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ 25-ಹೈಡ್ರಾಕ್ಸಿ ಏರಲೇ ಇಲ್ಲವಲ್ಲ ಎಂದು ಕೇಳುತ್ತಾರೆ. ಏರುವುದಿಲ್ಲ, ಈ ಔಷಧಗಳು ದೇಹದಲ್ಲಿ 25-ಹೈಡ್ರಾಕ್ಸಿಯಾಗಿ ಬದಲಾಗುವುದೇ ಇಲ್ಲ. ಔಷಧದ ಪರಿಣಾಮವನ್ನು ಕ್ಯಾಲ್ಸಿಯಂ, ರಂಜಕ ಮತ್ತು ಪಿಟಿಎಚ್ ಮೂಲಕ ಅಳೆಯುತ್ತಾರೆ.

ಅಂತರ್ಜಾಲದಲ್ಲಿ ಹರಿದಾಡುವ ಒಂದು ವಾದವನ್ನೂ ಇಲ್ಲಿ ಹೇಳಬೇಕು. 25-ಹೈಡ್ರಾಕ್ಸಿ ಕಡಿಮೆಯಿದ್ದು ಸಕ್ರಿಯ ರೂಪ ಹೆಚ್ಚಿದ್ದರೆ ದೇಹದಲ್ಲಿ ಗುಪ್ತವಾದ ಸೋಂಕಿದೆ, ಆದ್ದರಿಂದ ವಿಟಮಿನ್ ಡಿಯನ್ನೂ ಬಿಸಿಲನ್ನೂ ಬಿಡಬೇಕು ಎಂಬುದು ಆ ವಾದ. ಗ್ರ್ಯಾನುಲೋಮಾ ರೋಗಗಳಲ್ಲಿ ಈ ಚಿತ್ರ ಕಾಣುವುದು ನಿಜವಾದ್ದರಿಂದ ವಾದಕ್ಕೆ ಒಂದು ತೋರಿಕೆಯ ಬಲ ಬಂದಿದೆ. ಆದರೆ ಮೇಲೆ ಕಂಡಂತೆ, ಅದೇ ಚಿತ್ರ ಸಾದಾ ಕೊರತೆಯಲ್ಲಿಯೂ ಕಾಣುತ್ತದೆ, ಮತ್ತು ಕೊರತೆ ಸಾರ್ಕಾಯ್ಡೋಸಿಸ್‌ಗಿಂತ ಎಷ್ಟೋ ಹೆಚ್ಚು ಸಾಮಾನ್ಯ. ಎರಡನ್ನೂ ಬೇರ್ಪಡಿಸುವುದು ಪಿಟಿಎಚ್ ಮತ್ತು ಕ್ಯಾಲ್ಸಿಯಂ: ಕೊರತೆಯಲ್ಲಿ ಪಿಟಿಎಚ್ ಏರಿ ಕ್ಯಾಲ್ಸಿಯಂ ಸಹಜವಾಗಿ ಅಥವಾ ಕೆಳಗಿರುತ್ತದೆ, ಗ್ರ್ಯಾನುಲೋಮಾದಲ್ಲಿ ಸಕ್ರಿಯ ರೂಪ ಅತಿಯಾದಾಗ ಕ್ಯಾಲ್ಸಿಯಂ ಏರಿ ಪಿಟಿಎಚ್ ಅದುಮಿಹೋಗಿರುತ್ತದೆ. ಇವೆರಡನ್ನು ನೋಡದೆ ಬರಿಯ ಅನುಪಾತದ ಮೇಲೆ ತೀರ್ಮಾನಿಸಿ, ನಿಜವಾಗಿ ಕೊರತೆಯಿರುವವರನ್ನು ಇನ್ನಷ್ಟು ಕೊರತೆಗೆ ದೂಡುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಪರೀಕ್ಷೆ ನಡೆಯುವ ರೀತಿಯ ಬಗ್ಗೆಯೂ ಸ್ವಲ್ಪ ತಿಳಿದಿರಲಿ. ರಕ್ತ ತೆಗೆಯುವುದು ಎಲ್ಲ ಪರೀಕ್ಷೆಗಳಂತೆಯೇ. ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ಸೀರಮನ್ನು ಬೇರ್ಪಡಿಸುತ್ತೇವೆ. ಕಷ್ಟ ಶುರುವಾಗುವುದು ಆಮೇಲೆ. ಅಳೆಯಬೇಕಾದ ವಸ್ತು ಅತ್ಯಲ್ಪ, ಅದರಲ್ಲಿಯೂ ಬಹುಪಾಲು ವಿಟಮಿನ್ ಡಿ ಬಂಧಕ ಪ್ರೋಟೀನಿಗೆ ಅಂಟಿಕೊಂಡಿದೆ, ಸುತ್ತಲೂ ಅದನ್ನೇ ಹೋಲುವ 25-ಹೈಡ್ರಾಕ್ಸಿ ನೂರಾರು ಪಟ್ಟು ತುಂಬಿದೆ. ಆದ್ದರಿಂದ ಹಲವು ವಿಧಾನಗಳಲ್ಲಿ ಮೊದಲು ಸಕ್ರಿಯ ರೂಪವನ್ನು ಸೀರಮಿನಿಂದ ಬೇರ್ಪಡಿಸಿ ಶುದ್ಧಗೊಳಿಸಬೇಕಾಗುತ್ತದೆ. ನಂತರ ಪ್ರತಿಕಾಯಗಳನ್ನು ಬಳಸುವ ವಿಧಾನದಿಂದ ಅಥವಾ ಮಾಸ್ ಸ್ಪೆಕ್ಟ್ರೋಮೆಟ್ರಿ ಯಂತ್ರದಿಂದ ಅಳೆಯುತ್ತಾರೆ. ಮಾಸ್ ಸ್ಪೆಕ್ಟ್ರೋಮೆಟ್ರಿ ಅಣುಗಳನ್ನು ಅವುಗಳ ದ್ರವ್ಯರಾಶಿಯ ಮೇಲೆ ಗುರುತಿಸುವುದರಿಂದ ಡಿ2 ಮತ್ತು ಡಿ3ರಿಂದ ಬಂದ ಪಾಲನ್ನು ಪ್ರತ್ಯೇಕವಾಗಿಯೂ ಹೇಳಬಲ್ಲದು. ಎಲ್ಲ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯವಿರುವುದಿಲ್ಲ. ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವುದರಿಂದ ವರದಿ ಬರಲು ಕೆಲವು ದಿನಗಳಾಗುವುದು ಸಾಮಾನ್ಯ. ಬೇರೆ ಬೇರೆ ವಿಧಾನಗಳ ಅಂಕಿಗಳು ಹೊಂದುವುದಿಲ್ಲವಾದ್ದರಿಂದ, ಪರೀಕ್ಷೆಯನ್ನು ಮರಳಿ ಮಾಡಿಸಬೇಕಾದರೆ ಮೊದಲು ಮಾಡಿಸಿದಲ್ಲಿಯೇ ಮಾಡಿಸುವುದು ಲೇಸು.

ಮಾದರಿ ಕೊಡುವವರು ತಾವು ಸೇವಿಸುತ್ತಿರುವ ಮಾತ್ರೆಗಳ ಹೆಸರನ್ನು, ಕೊನೆಯ ಮಾತ್ರೆ ನುಂಗಿದ ಹೊತ್ತನ್ನು ಹೇಳುವುದು ಮುಖ್ಯ. ಕ್ಯಾಲ್ಸಿಟ್ರಿಯಾಲ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಆ ನಡುವೆ ತೆಗೆದ ರಕ್ತ ತೋರಿಸುವುದು ಮಾತ್ರೆಯನ್ನು, ದೇಹವನ್ನಲ್ಲ. ಕೂದಲು, ಉಗುರಿಗೆಂದು ದೊಡ್ಡ ಪ್ರಮಾಣದಲ್ಲಿ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ಸೇವಿಸುವವರಲ್ಲಿ ಕೆಲವು ಪ್ರತಿಕಾಯ ಆಧಾರಿತ ಪರೀಕ್ಷೆಗಳು ದಾರಿ ತಪ್ಪುತ್ತವೆ. ಗರ್ಭಿಣಿಯರಲ್ಲಿ ಬಂಧಕ ಪ್ರೋಟೀನೂ ತಯಾರಿಕೆಯೂ ಹೆಚ್ಚುವುದರಿಂದ ಸಕ್ರಿಯ ರೂಪ ಎರಡು ಮೂರು ಪಟ್ಟು ಏರುವುದು ಸಹಜ, ಅದಕ್ಕೆ ಗಾಬರಿ ಬೇಡ. ಮಕ್ಕಳ ಸಹಜ ವ್ಯಾಪ್ತಿ ವಯಸ್ಕರದಕ್ಕಿಂತ ಮೇಲಿರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ನೆಫ್ರಾಟಿಕ್ ಸಿಂಡ್ರೋಮ್‌ನಲ್ಲಿ ಬಂಧಕ ಪ್ರೋಟೀನೂ ಜೊತೆಗೆ ಹೋಗುವುದರಿಂದ ಒಟ್ಟು ಅಂಕಿ ಕಡಿಮೆ ಕಾಣುತ್ತದೆ.

ಹಾರ್ಮೋನು ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2013ರಲ್ಲಿ, ಕ್ಯಾಲ್ಸಿಯಂ ಏರಿಕೆ ಅಥವಾ ಮೂತ್ರಪಿಂಡದ ದೌರ್ಬಲ್ಯ ಇಲ್ಲದಿದ್ದರೆ ಸಕ್ರಿಯ ವಿಟಮಿನ್ ಡಿಯನ್ನು ವಾಡಿಕೆಯಾಗಿ ಅಳೆಯಬಾರದು ಎಂದು ವೈದ್ಯರಿಗೆ ಸೂಚಿಸಿತು. ಅದೇ ಸಂಸ್ಥೆ 2011ರಲ್ಲಿ 25-ಹೈಡ್ರಾಕ್ಸಿ 20 ನ್ಯಾನೋಗ್ರಾಮಿಗಿಂತ ಕೆಳಗಿದ್ದರೆ ಕೊರತೆ ಎಂದು ಗೆರೆ ಎಳೆದಿತ್ತು. 2024ರ ಮಾರ್ಗಸೂಚಿಯಲ್ಲಿ ಅಂಥ ಗೆರೆಗಳನ್ನು ಕೈಬಿಟ್ಟು, ಆರೋಗ್ಯವಂತರಲ್ಲಿ 25-ಹೈಡ್ರಾಕ್ಸಿಯನ್ನೂ ವಾಡಿಕೆಯಾಗಿ ಅಳೆಯಬೇಕಿಲ್ಲ ಎಂದಿದೆ. ತಪಾಸಣೆಯ ಕಟ್ಟುಗಳಲ್ಲಿ ಎರಡನ್ನೂ ಸೇರಿಸಿ ಕೊಡುವವರಿಗೆ ಈ ಮಾತು ರುಚಿಸಲಾರದು.

ವಿಟಮಿನ್ ಡಿ ಅತಿಯಾದಾಗಲೂ ಜನ ಸಕ್ರಿಯ ರೂಪವನ್ನೇ ಅಳೆಯಬೇಕೆಂದುಕೊಳ್ಳುತ್ತಾರೆ. ಭಾರಿ ಪ್ರಮಾಣದ ಮಾತ್ರೆ ಅಥವಾ ಚುಚ್ಚುಮದ್ದುಗಳಿಂದ ವಿಷಪ್ರಭಾವ ಉಂಟಾದವರಲ್ಲಿ 25-ಹೈಡ್ರಾಕ್ಸಿ ಸಾಮಾನ್ಯವಾಗಿ 150 ನ್ಯಾನೋಗ್ರಾಮನ್ನು ಮೀರಿರುತ್ತದೆ, ಕ್ಯಾಲ್ಸಿಯಂ ಏರಿರುತ್ತದೆ, ಪಿಟಿಎಚ್ ಅದುಮಿಹೋಗಿರುತ್ತದೆ. ಆದರೂ ಮೂತ್ರಪಿಂಡ ತನ್ನ ಲೆಕ್ಕವನ್ನು ಬಿಟ್ಟುಕೊಡದಿರುವುದರಿಂದ ಸಕ್ರಿಯ ರೂಪದ ಅಂಕಿ ಸಹಜವಾಗಿಯೇ ಉಳಿಯಬಹುದು, ಕೆಲವೊಮ್ಮೆ ಕಡಿಮೆಯೂ ಆಗಬಹುದು. ಮಾತ್ರೆ ಹೆಚ್ಚಾಯಿತೆಂಬ ಸಂಶಯವಿದ್ದವರು ವೈದ್ಯರನ್ನು ಕೇಳಿ ಮಾಡಿಸಬೇಕಾದದ್ದು 25-ಹೈಡ್ರಾಕ್ಸಿ, ಕ್ಯಾಲ್ಸಿಯಂ, ಪಿಟಿಎಚ್ ಮತ್ತು ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್. ಇವುಗಳಿಂದಲೂ ಕ್ಯಾಲ್ಸಿಯಂ ಏರಿಕೆಯ ಕಾರಣ ತಿಳಿಯದೆ ಹೋದಾಗ ಸಕ್ರಿಯ ರೂಪದ ಪರೀಕ್ಷೆಗೆ ರಕ್ತ ಕೊಡಬಹುದು.